ಮನೆಯ ಪಾಠವೂ ಸಂತೆಯ ಲೆಕ್ಕವೂ



ಪಟ್ಟಣದ ಖಾಸಗಿ ಶಾಲೆಯ ಶುಲ್ಕವೂ ವಾಹನದ ಬಾಡಿಗೆಯೂ ಕೈಗೆ ಮೀರಿದವು. ಹೀಗಿರಲಾಗಿ ಮಗುವನ್ನು ಮನೆಯಲ್ಲಿಯೇ ಇಟ್ಟುಕೊಂಡು ತಂದೆತಾಯಿಗಳೇ ಓದು, ಬರಹ, ಲೆಕ್ಕಗಳನ್ನು ಕಲಿಸಿದರೆ ಆಗದೋ, ಎಂದು ಕೆಲವರು ಕೇಳುವದುಂಟು. ಇದರ ಪಕ್ಕದಲ್ಲಿಯೇ ಎರಡನೆಯದೊಂದು ಪ್ರಶ್ನೆಯಿದೆ. ತಿಂಗಳ ಕೊನೆಯ ವಾರದಲ್ಲಿ ಚೀಲ ಹಿಡಿದು ಅಂಗಡಿಗೆ ಹೋಗುವಾಗ ಕೈಯಲ್ಲಿರುವ ಹಣವು ಯಾಕೆ ಸಾಲುವದಿಲ್ಲ? ಇವೆರಡನ್ನು ಬೇರೆಬೇರೆಯಾಗಿ ಕೇಳುವದು ವಾಡಿಕೆ. ಈ ಪಾಠದಲ್ಲಿಯಾದರೋ ಒಟ್ಟಾಗಿ ತೆಗೆದುಕೊಳ್ಳುವೆವು. ಯಾಕಂದರೆ ಬಡವನ ಮನೆಯಲ್ಲಿ ಇರತಕ್ಕ ಅತ್ಯುತ್ತಮವಾದ ಗಣಿತದ ಪುಸ್ತಕವು ಆ ಮನೆಯ ವೆಚ್ಚದ ಪುಸ್ತಕವೇ ಎಂದು ನಮ್ಮ ಅಭಿಪ್ರಾಯ.

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ನಾವು ಊಹಿಸಬೇಕಾದದ್ದಿಲ್ಲ. ನಾಡೆಲ್ಲವೂ ಅದನ್ನು ಒಂದು ಸಾರಿ ಬಲವಂತದಿಂದ ಪರೀಕ್ಷಿಸಿ ನೋಡಿತು. ೨೦೨೦ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ಕರ್ನಾಟಕದ ಶಾಲೆಗಳು ಮುಚ್ಚಲ್ಪಟ್ಟವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅವು ಪುನಃ ತೆರೆದದ್ದು ೨೦೨೧ರ ಅಕ್ಟೋಬರ್ ೨೫ರಂದು. ಹತ್ತೊಂಭತ್ತು ತಿಂಗಳ ಕಾಲ ಪ್ರತಿಯೊಂದು ಮನೆಯೂ, ತನಗೆ ಇಷ್ಟವಿದ್ದರೂ ಇಲ್ಲದಿದ್ದರೂ, ಶಾಲೆಯಾಗಬೇಕಾಯಿತು. ಆ ನಡುವೆ ೨೦೨೦ರ ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಏರ್ಪಾಟಿನಿಂದ ಉಪಾಧ್ಯಾಯರು ಹಳ್ಳಿಗಳಿಗೇ ಬಂದು ಜಗಲಿಯ ಮೇಲೆಯೂ ಮರದ ಕೆಳಗೂ ಪಾಠ ಹೇಳಿದರು. ಅದೂ ಅಕ್ಟೋಬರಿನಲ್ಲಿ ನಿಂತುಹೋಯಿತು. ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಗಳು ಬಂದವು. ಮನೆಯಲ್ಲಿ ಒಂದೇ ಫೋನು ಇದ್ದು ಅದನ್ನು ತಂದೆಯು ಕೆಲಸಕ್ಕೆ ಒಯ್ಯುತ್ತಿದ್ದರೆ ಮಗುವಿಗೆ ಪಾಠವು ರಾತ್ರಿಯಲ್ಲಿಯೇ. ಶಾಲೆಗಳು ತೆರೆದ ಮೇಲೆ ೨೦೨೨-೨೩ರ ವರುಷವನ್ನು ಸರಕಾರವು 'ಕಲಿಕಾ ಚೇತರಿಕೆ' ಎಂದು ಹೆಸರಿಟ್ಟು, ಮರೆತುಹೋದದ್ದನ್ನು ಮರಳಿ ಕಲಿಸುವದಕ್ಕೆ ಗೊತ್ತುಮಾಡಬೇಕಾಯಿತು. ಆ ಹೆಸರೇ ಬೇಕಾದಷ್ಟು ಹೇಳುತ್ತದೆ. ಕೂಲಿಗೆ ಹೋಗುವ ತಾಯಿತಂದೆಗಳು ಶಾಲೆಯ ಸ್ಥಾನವನ್ನು ತುಂಬಲಾರರು. ಇದರಲ್ಲಿ ಅವರ ತಪ್ಪೇನೂ ಇಲ್ಲ.

ಕಾನೂನನ್ನು ಸಹ ತಿಳಿದಿರಬೇಕು. ೨೦೦೯ರಲ್ಲಿ ಆಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಶಾಸನವು, ಆರರಿಂದ ಹದಿನಾಲ್ಕು ವರುಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವದು ಹೆತ್ತವರ ಕರ್ತವ್ಯವೆಂದು ತನ್ನ ೧೦ನೇ ಪ್ರಕರಣದಲ್ಲಿ ಹೇಳುತ್ತದೆ. ಇನ್ನು ವೆಚ್ಚದ ಮಾತು. ಸರಕಾರಿ ಶಾಲೆಯನ್ನು ಬಿಡಿಸುವವರು ತಮಗೆ ಉಳಿಯುವದನ್ನು ಎಣಿಸುತ್ತಾರೆ, ಕಳೆಯುವದನ್ನು ಎಣಿಸುವದಿಲ್ಲ. ಪಠ್ಯಪುಸ್ತಕಗಳು ಅಲ್ಲಿ ಧರ್ಮಾರ್ಥ. 'ಅಕ್ಷರ ದಾಸೋಹ'ವು ೨೦೦೨ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ನಾಡಿಗೆಲ್ಲಾ ವಿಸ್ತರಿಸಿತು. ೨೦೧೩ರ ಆಗಸ್ಟಿನಿಂದ 'ಕ್ಷೀರಭಾಗ್ಯ'ದ ಹಾಲು ಸಹ ಕೂಡಿತು. ಮೊಟ್ಟೆಯನ್ನೂ ತಿನ್ನದವರಿಗೆ ಬಾಳೆಹಣ್ಣು ಇಲ್ಲವೆ ಕಡಲೆಮಿಠಾಯಿಯನ್ನೂ ಕೊಡುವರು. ಊಟದ ಪ್ರಮಾಣವು ಕೆಳಗಿನ ತರಗತಿಯ ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯ, ೨೦ ಗ್ರಾಂ ಬೇಳೆ. ಆರನೆಯ ತರಗತಿಯಿಂದ ಎಂಟನೆಯದರ ವರೆಗೆ ೧೫೦ ಗ್ರಾಂ ಧಾನ್ಯ, ೩೦ ಗ್ರಾಂ ಬೇಳೆ. ಶಾಸನದ ಪ್ರಕಾರ ವರುಷಕ್ಕೆ ಕೆಳಗಿನವರಿಗೆ ೨೦೦ ದಿನವೂ ಮೇಲಿನವರಿಗೆ ೨೨೦ ದಿನವೂ ಶಾಲೆ ನಡೆಯಬೇಕು. ಆದದರಿಂದ ಮೂರನೆಯ ತರಗತಿಯಲ್ಲಿ ಒಬ್ಬಳು ಮಗಳೂ ಏಳನೆಯದರಲ್ಲಿ ಒಬ್ಬ ಮಗನೂ ಇರುವ ಮನೆಗೆ ವರುಷದಲ್ಲಿ ೨೦ ಕಿಲೋ ಸೇರಿಸು ೩೩ ಕಿಲೋ, ಅಂದರೆ ೫೩ ಕಿಲೋ ಧಾನ್ಯವೂ, ೪ ಕಿಲೋ ಸೇರಿಸು ೬ ಕಿಲೋ ೬೦೦ ಗ್ರಾಂ, ಅಂದರೆ ಹತ್ತೂವರೆ ಕಿಲೋವಿಗೂ ಮೇಲೆ ಬೇಳೆಯೂ ಶಾಲೆಯಿಂದ ಹೊಟ್ಟೆಗೆ ಸೇರುತ್ತದೆ. ಈಗಿನ ಬೇಳೆಯ ಬೆಲೆಯನ್ನು ಬಲ್ಲ ತಾಯಂದಿರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ.

ಆದಕಾರಣ ಮನೆಯ ಪಾಠವು ಶಾಲೆಗೆ ಬದಲಾಗಿ ಅಲ್ಲ, ಶಾಲೆಯೊಡನೆ ನಡೆಯತಕ್ಕದ್ದು. ರೋಗದಿಂದಲೋ, ಹೆತ್ತವರು ಊರೂರು ತಿರುಗಿ ದುಡಿಯಬೇಕಾದದರಿಂದಲೋ ಶಾಲೆ ತಪ್ಪಿದ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಮೂರನೆಯ, ಐದನೆಯ, ಎಂಟನೆಯ ತರಗತಿಗಳಿಗೆ ಸಮಾನವಾದ ಪರೀಕ್ಷೆಗಳನ್ನು ನಡಿಸುತ್ತದೆ. ಅಂಥವರು ಅದನ್ನು ವಿಚಾರಿಸಬಹುದು. ಉಳಿದವರು ಮುಂದೆ ಹೇಳುವದನ್ನು ವಾರಕ್ಕೆ ಒಂದೆರಡು ತಾಸಿನಲ್ಲಿ ಮಾಡುವದು ಸಾಧ್ಯ.

ಸಂತೆಯು ಪಾಠಶಾಲೆಯೆಂಬದು ನಮ್ಮ ನಾಡಿಗೆ ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬವನು ಕನ್ನಡದಲ್ಲಿ ಗಣಿತವನ್ನು ಬರೆದಾಗ ತನ್ನ ಒಂದು ಗ್ರಂಥಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟನು. ಕೊಡುಕೊಳ್ಳುವಿಕೆಯ ಲೆಕ್ಕವೇ ಅದರ ವಿಷಯ. ಹಿಂದಿನ ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತ ಹುಡುಗರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದರು. ಯಾತಕ್ಕೆ? ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ, ಸೇರಿಗೆ ನಾಲ್ಕು ಪಾವು ಇದ್ದ ಕಾಲದಲ್ಲಿ ಭಿನ್ನರಾಶಿ ಬಾರದವನು ಉಪ್ಪು ಕೊಳ್ಳುವದಕ್ಕೂ ಹೋಗಲಾರನು. ಗುಬ್ಬಿಯ ವಾರದ ಸಂತೆಯು ಬಹು ಹಳೆಯದು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಅದನ್ನು ಕುರಿತು ತನ್ನ ಪ್ರವಾಸ ಗ್ರಂಥದಲ್ಲಿ ಬರೆದಿದ್ದಾನೆ. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ಪೈಸೆಯಾಯಿತು. ಮರುವರುಷದಿಂದ ಕಿಲೋಗ್ರಾಮುಗಳು ಕ್ರಮೇಣ ಬಳಕೆಗೆ ಬಂದವು. ಲೆಕ್ಕವು ಸುಲಭವಾಯಿತು, ಆದರೆ ಸುಲಭವಾದಂತೆ ನಾವು ಅದನ್ನು ಮಾಡುವದನ್ನೇ ಬಿಟ್ಟೆವು. ಹೂವನ್ನು ಮಾತ್ರ ಇಂದಿಗೂ ಮೊಳದಿಂದ ಅಳೆಯುವರು. ಮಾರುವವಳ ಮೊಳವೋ ಕೊಳ್ಳುವವಳ ಮೊಳವೋ ಎಂಬದು ಇನ್ನೂ ತೀರದ ವ್ಯಾಜ್ಯ. ಅದನ್ನು ಮಕ್ಕಳಿಗೆ ಬಿಡಿರಿ, ಅಳತೆ ಅಂದರೇನು ಎಂಬದನ್ನು ಅವರು ಅದರಿಂದಲೇ ಕಲಿಯುವರು.

ಈಗ ಪುಸ್ತಕದ ಮಾತು. ಒಂದು ಸಾಧಾರಣ ನೋಟುಪುಸ್ತಕವು ಸಾಕು. ಎಡಗಡೆಯ ಪುಟದಲ್ಲಿ ಬಂದದ್ದು, ಬಲಗಡೆಯಲ್ಲಿ ಹೋದದ್ದು. ಓದು ಬಲ್ಲ ಮಗುವೇ ಬರೆಯಲಿ, ತಾಯಿಯು ಹೇಳಲಿ. ಬಂದದ್ದರಲ್ಲಿ ನ್ಯಾಯಬೆಲೆ ಅಂಗಡಿಯ ಧಾನ್ಯವನ್ನು ತೂಕ ಸಹಿತ ಬರೆಯಬೇಕು; ಅದಕ್ಕೆ ದುಡ್ಡು ಕೊಡದಿದ್ದರೂ ಅದು ವರಮಾನವೇ. ೨೦೨೩ರ ಆಗಸ್ಟಿನಿಂದ ಕೊಡಲಾರಂಭಿಸಿದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನು ಖಾತೆಗೆ ಬಂದ ದಿನ ಬರೆಯಬೇಕು, ಬರುವದೆಂದು ನಂಬಿ ಮೊದಲೇ ಬರೆಯಬಾರದು. ಬಂದ ಹಣವೂ ಬರಲಿರುವ ಹಣವೂ ಒಂದೇ ಎಂದು ಎಣಿಸಿದ್ದರಿಂದ ಎಷ್ಟೋ ಮನೆಗಳು ಅಂಗಡಿಯ ಸಾಲದಲ್ಲಿ ಬಿದ್ದಿವೆ. ಹೋದದ್ದರಲ್ಲಿ ಏನನ್ನೂ ಬಿಡಕೂಡದು. ತಂದೆಯ ಎಲೆ, ಅಡಿಕೆ, ಬೀಡಿ, ಹೋಟೆಲಿನ ಕಾಫಿಗಳನ್ನು 'ಕೈಖರ್ಚು' ಎಂದು ಬರೆಯಬಹುದು. ಒಡೆದು ಬರೆದು ಮಕ್ಕಳ ಮುಂದೆ ಅವನನ್ನು ನಾಚಿಸುವದು ಬೇಡ. ಆದರೆ ದಿನಕ್ಕೆ ೨೦ ರೂಪಾಯಿಯಂತೆ ಅದು ವರುಷಕ್ಕೆ ೭,೩೦೦ ರೂಪಾಯಿ ಆಗುವದೆಂದು ಮಗುವು ತಾನಾಗಿ ಗುಣಿಸಿ ಓದಿದರೆ, ಉಪದೇಶಕನು ಮಾಡಲಾರದ ಕೆಲಸವನ್ನು ಆ ಗುಣಾಕಾರವು ಮಾಡಬಹುದು.

ಪೇಟೆಗೆ ಹೊರಡುವದಕ್ಕೆ ಮುಂಚೆ ಡಬ್ಬಗಳನ್ನು ತೆರೆದು ನೋಡಿ, ಇರುವದೆಷ್ಟು, ವಾರಕ್ಕೆ ಬೇಕಾದದ್ದೆಷ್ಟು, ತರಬೇಕಾದದ್ದೆಷ್ಟು ಎಂದು ಮೂರು ಸಾಲಾಗಿ ಬರೆಯುವದು ಒಳ್ಳೇದು. ಇದೇ ಕಳೆಯುವ ಲೆಕ್ಕ. ಚಿಕ್ಕ ಮಗುವಾದರೆ ಒಂದು ಲೋಟವನ್ನು ಅಳತೆಯಾಗಿ ಕೊಟ್ಟು ರಾಗಿಯನ್ನು ಅಳೆಯಿಸಿರಿ. ತಂದ ಪೊಟ್ಟಣಗಳ ಮೇಲಿನ ಮಾತುಗಳನ್ನು ಓದಿಸಿದರೆ ಅದು ಓದುವ ಪಾಠ. ಹುಣಿಸೆಯು ತುಮಕೂರಿನ ಮಂಡಿಯಿಂದ, ಕೊಬ್ಬರಿಯು ತಿಪಟೂರಿನಿಂದ, ತೊಗರಿಬೇಳೆಯು ಕಲಬುರಗಿಯ ಕಡೆಯಿಂದ, ಬೆಲ್ಲವು ಮಂಡ್ಯದಿಂದ, ಮೆಣಸಿನಕಾಯಿಯು ಬ್ಯಾಡಗಿಯಿಂದ ಎಂದು ತೋರಿಸುತ್ತಾ ಹೋದರೆ ಒಂದು ಸಾರಿನ ಪಾತ್ರೆಯಲ್ಲಿಯೇ ಅರ್ಧ ಕರ್ನಾಟಕದ ಭೂಗೋಳವಿದೆ.

ಕೊಳ್ಳುವದರಲ್ಲಿ ಮುಖ್ಯವಾದ ಪಾಠವು ಬೆಲೆಯನ್ನು ನೋಡುವದಲ್ಲ, ಬೆಲೆಯನ್ನು ತೂಕದಿಂದ ಭಾಗಿಸುವದು. ಚಹದ ಪುಡಿಯ ೨೫ ಗ್ರಾಮಿನ ಪೊಟ್ಟಣಕ್ಕೆ ೧೦ ರೂಪಾಯಿ, ೨೫೦ ಗ್ರಾಮಿಗೆ ೮೫ ರೂಪಾಯಿ ಎಂದು ಇಟ್ಟುಕೊಳ್ಳೋಣ. ಹತ್ತು ಚಿಕ್ಕ ಪೊಟ್ಟಣಗಳಿಗೆ ೧೦೦ ರೂಪಾಯಿ ಆಗುವದು. ತಿಂಗಳಿಗೆ ಅರ್ಧ ಕಿಲೋ ಬೇಕಾದ ಮನೆಯು ಹೀಗೆ ತಿಂಗಳಿಗೆ ೩೦, ವರುಷಕ್ಕೆ ೩೬೦ ರೂಪಾಯಿ ಹೆಚ್ಚು ತೆರುತ್ತದೆ. ಬಡವನು ತಿಳಿಯದೆ ಇದನ್ನು ಮಾಡುವನೆಂದು ಹೇಳುವದು ಅನ್ಯಾಯ. ಅಂದಿನ ಕೈಯಲ್ಲಿ ಹತ್ತೇ ರೂಪಾಯಿ ಇದ್ದದರಿಂದ ಮಾಡುತ್ತಾನೆ. ಆದಾಗ್ಯೂ ಒಂದು ತಿಂಗಳು ಒಂದು ಪದಾರ್ಥದಲ್ಲಿ ದೊಡ್ಡ ಪೊಟ್ಟಣಕ್ಕೆ ಬೇಕಾದ ಹಣವನ್ನು ಕೂಡಿಸಿಕೊಂಡರೆ, ಉಳಿದದರಿಂದ ಮುಂದಿನ ತಿಂಗಳು ಎರಡನೆಯ ಪದಾರ್ಥವನ್ನು ಹಾಗೆಯೇ ಕೊಳ್ಳಬಹುದು. ದೊಡ್ಡದೆಲ್ಲಾ ಅಗ್ಗವೆಂಬದೂ ಸುಳ್ಳು. ತಲೆಗೆ ಹಚ್ಚುವ ಶಾಂಪೂವಿನ ಚಿಕ್ಕ ಪೊಟ್ಟಣಗಳು ಅನೇಕ ಸಲ ಸೀಸೆಗಿಂತ ಅಗ್ಗವಾಗಿರುವವು. ಆದದರಿಂದ ಭಾಗಿಸದೆ ನಂಬಬೇಡಿರಿ. ಮತ್ತು ಐದು ರೂಪಾಯಿಯ ಬಿಸ್ಕತ್ತಿನ ಬೆಲೆಯು ವರುಷಗಟ್ಟಲೆ ಐದೇ ಆಗಿ ನಿಂತು, ಒಳಗಿನ ತೂಕವು ಮಾತ್ರ ಮೆಲ್ಲಮೆಲ್ಲಗೆ ಇಳಿಯುವದನ್ನು ತಿಳಿಯಬೇಕಾದರೆ ಹಳೆಯ ಕಾಗದವೊಂದನ್ನು ಪುಸ್ತಕದೊಳಗೆ ಇಟ್ಟುಕೊಂಡಿರಬೇಕು. ಮಕ್ಕಳಿಗೆ ಇಂಥಾ ಪತ್ತೇದಾರಿಯಲ್ಲಿ ಬಹಳ ಸಂತೋಷ.

ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಬೆಲೆಯೂ ನಿವ್ವಳ ತೂಕವೂ ಇರಲೇಬೇಕೆಂದು ಕಾನೂನು ಮಾಪನಶಾಸ್ತ್ರದ ನಿಯಮಗಳು ಹೇಳುತ್ತವೆ. ೨೦೨೧ರಲ್ಲಿ ಆದ ತಿದ್ದುಪಡಿಯಿಂದ ಗ್ರಾಮಿಗೆ ಅಥವಾ ಕಿಲೋವಿಗೆ ಎಷ್ಟಾಯಿತೆಂಬದನ್ನು ಸಹ ಅಚ್ಚುಹಾಕಬೇಕಾಯಿತು. ಅದು ಸಣ್ಣ ಅಕ್ಷರದಲ್ಲಿರುವದು. ಅಜ್ಜನ ಕಣ್ಣಿಗೆ ಕಾಣದು, ಮೊಮ್ಮಗಳ ಕಣ್ಣಿಗೆ ಕಾಣುವದು. ಬಿಡಿ ಪದಾರ್ಥಗಳಲ್ಲಿ ತಕ್ಕಡಿಗೂ ಬಟ್ಟುಗಳಿಗೂ ಕಾಲಕಾಲಕ್ಕೆ ಇಲಾಖೆಯ ಮುದ್ರೆ ಬೀಳಬೇಕು. ತೂಕದ ಯಂತ್ರವಾದರೆ ಪದಾರ್ಥ ಇಡುವದಕ್ಕೆ ಮುಂಚೆ ಸೊನ್ನೆಯನ್ನು ತೋರಿಸುತ್ತದೋ ಎಂದು ನೋಡತಕ್ಕದ್ದು. ಮೋಸದ ತಕ್ಕಡಿಯ ವಿಷಯವಾಗಿ ಜ್ಞಾನೋಕ್ತಿಗಳ ಹನ್ನೊಂದನೆಯ ಅಧ್ಯಾಯವು ಏನು ಹೇಳುವದೆಂದು ನಮ್ಮ ವಾಚಕರು ಬಲ್ಲರು. ಅಚ್ಚಾದ ಬೆಲೆಗಿಂತ ಹೆಚ್ಚು ಕೇಳಿದರೆ ೧೯೧೫ ಎಂಬ ಗ್ರಾಹಕರ ದೂರವಾಣಿಗೆ ತಿಳಿಸಬಹುದು. ಊರಿನ ಅಂಗಡಿಯವನೊಡನೆ ಮೊದಲು ಮೃದುವಾಗಿ ಮಾತಾಡುವದು ಉತ್ತಮ. ಕಷ್ಟದ ತಿಂಗಳಲ್ಲಿ ಕಡ ಕೊಡುವವನು ಅವನೇ.

ಪಟ್ಟಣಕ್ಕೆ ಹೋದರೆ ಅಗ್ಗವೋ? ಗುಬ್ಬಿಯಿಂದ ತುಮಕೂರಿಗೆ ಸುಮಾರು ೨೦ ಕಿಲೋಮೀಟರು, ಕುಣಿಗಲ್ಲಿನಿಂದ ೩೫ಕ್ಕೂ ಮೇಲೆ. ಮಂಡಿಪೇಟೆಯಲ್ಲಿ ಕಿಲೋವಿಗೆ ನಾಲ್ಕು ರೂಪಾಯಿ ಕಡಿಮೆಯೆಂದು ಇಟ್ಟುಕೊಂಡರೆ ಹತ್ತು ಕಿಲೋವಿಗೆ ನಲವತ್ತು ಉಳಿಯಿತು. ತಂದೆಯು ಹೋಗಿಬರುವ ಬಸ್ಸಿನ ಹಣವೂ ಒಂದು ದಿನದ ಕೂಲಿಯೂ ಅದನ್ನು ನುಂಗಿ ಇನ್ನೂ ಕೇಳುವವು. ೨೦೨೩ರ ಜೂನ್ ೧೧ರಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ, ಖಾಸಗಿ ಬಸ್ಸುಗಳಲ್ಲಿ ಇದು ಸಲ್ಲದು. ಬೇರೆ ಕೆಲಸಕ್ಕಾಗಿ ಪಟ್ಟಣಕ್ಕೆ ಹೋಗುವ ತಾಯಿಯೊಬ್ಬಳು ಮೂರು ನಾಲ್ಕು ಮನೆಗಳ ಚೀಟಿಯನ್ನು ಒಯ್ದು ಒಟ್ಟಿಗೆ ತಂದರೆ ಮಾತ್ರ ಆ ಪ್ರಯಾಣವು ಲಾಭ. ತಂದದ್ದನ್ನು ಮನೆಮನೆಗೆ ಹಂಚುವಾಗ ಮಕ್ಕಳಿಗೆ ಭಾಗಾಕಾರವು ಬಂದೇ ಬರುವದು.

ಎಲ್ಲದಕ್ಕಿಂತಲೂ ಹೆಚ್ಚಿನ ಉಳಿತಾಯವು ಸುಗ್ಗಿಯಲ್ಲಿದೆ. ನಮ್ಮ ಸೀಮೆಯ ರಾಗಿಯು ನವಂಬರು, ದಶಂಬರಿನಲ್ಲಿ ಕೊಯ್ಲಿಗೆ ಬರುವದು. ಹುಣಿಸೆಯು ಫೆಬ್ರವರಿಯ ಸುಮಾರಿನಿಂದ. ಆಗ ಕೊಂಡವನು ಅಗ್ಗವಾಗಿ ಕೊಳ್ಳುವನು, ಮಳೆಗಾಲದಲ್ಲಿ ಕೊಂಡವನು ತೆತ್ತು ಕೊಳ್ಳುವನು. ಹಿಂದೆ ನೆಲದೊಳಗಣ ಹಗೇವಿನಲ್ಲಿ ರಾಗಿಯನ್ನು ವರುಷಗಟ್ಟಲೆ ಇಡುತ್ತಿದ್ದರು. ಅಷ್ಟು ಕೆಡದೆ ನಿಲ್ಲುವ ಧಾನ್ಯವು ಬೇರೊಂದಿಲ್ಲವೆಂದೇ ಹೇಳಬಹುದು. ನೂರು ಗ್ರಾಂ ರಾಗಿಯಲ್ಲಿ ಎಲುಬುಗಳಿಗೆ ಬೇಕಾದ ಸುಣ್ಣಾಂಶವು ೩೦೦ ಮಿಲಿಗ್ರಾಮಿಗೂ ಮೇಲೆ ಇದೆ, ಅಕ್ಕಿಯಲ್ಲಿ ಅದು ಅತ್ಯಲ್ಪ. ಹೀಗಿರಲು ಜಾಹೀರಾತಿನ ಪುಡಿಗಳನ್ನು ಡಬ್ಬದಲ್ಲಿ ಕೊಳ್ಳುವದು ಯಾಕೋ ತಿಳಿಯದು. ಪುಸ್ತಕವನ್ನು ಒಂದು ವರುಷ ಇಟ್ಟ ಮನೆಗೆ ತನ್ನ ರಾಗಿಯ ಖರ್ಚು ವರುಷಕ್ಕೆ ಎಷ್ಟೆಂದು ತಿಳಿದಿರುವದು. ಆಗ ಆಗಸ್ಟಿನಿಂದಲೇ ವಾರವಾರ ಸ್ವಲ್ಪ ತೆಗೆದಿಡುವದು ಸಾಧ್ಯ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಲೆಕ್ಕ ಬರೆಯುವ ಮಗುವು ಮನೆಯ ಬಡತನವನ್ನು ಕಣ್ಣಾರೆ ಓದುತ್ತದೆ. ಹತ್ತು ಹನ್ನೆರಡು ವರುಷದ ಹುಡುಗಿಯು ಬಲಗಡೆಯ ಪುಟದಲ್ಲಿ ತನ್ನ ಪುಸ್ತಕ, ತನ್ನ ಚಪ್ಪಲಿ, ತನ್ನ ಬಸ್ಸು ಎಂದು ಬರೆಯುತ್ತಾ ಬಂದರೆ, ಒಂದು ದಿನ ತಾನಾಗಿ 'ನಾನು ಶಾಲೆ ಬಿಡುತ್ತೇನೆ' ಎನ್ನುವಳು; ಹೆತ್ತವರು ಅದನ್ನು ಜಾಣತನವೆಂದು ಹೊಗಳಿ ಒಪ್ಪಿಕೊಳ್ಳುವ ಅಪಾಯವೂ ಉಂಟು. ಆದದರಿಂದ ವಿದ್ಯೆಯ ವೆಚ್ಚವನ್ನು ಉಪ್ಪು ಎಣ್ಣೆಗಳಂತೆ ಮನೆಯ ಹೆಸರಿನಲ್ಲಿ ಬರೆಯಿರಿ, ಮಗುವಿನ ಹೆಸರಿನಲ್ಲಿ ಅಲ್ಲ. ಬೆಲೆಗಳನ್ನು ಮಕ್ಕಳಿಗೆ ತಿಳಿಸಿರಿ. ಬೆಲೆಗಾಗಿ ಗಂಡ ಹೆಂಡರು ಆಡುವ ಜಗಳವನ್ನು ಕೇಳಿಸಬೇಡಿರಿ. ಹುಡುಗಿಗೆ ಲೆಕ್ಕ ಯಾತಕ್ಕೆಂಬ ಮಾತನ್ನು ಇನ್ನೂ ಆಡುವವರಿಗೆ ಮುಂದಿನ ಲೆಕ್ಕವೇ ಉತ್ತರ.

ಸಂಘದ ಸಾಲವಾಗಲಿ ಸಣ್ಣ ಸಾಲದ ಕಂಪನಿಯದಾಗಲಿ, ಹಳ್ಳಿಗಳಲ್ಲಿ ಅದು ಹೆಂಗಸಿನ ರುಜುವಿನ ಮೇಲೆಯೇ ಬರುವದು. ಒಬ್ಬಳು ೧೨,೦೦೦ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಬಡ್ಡಿಗೆ ತಂದು, ಅಸಲನ್ನು ತಿಂಗಳಿಗೆ ಸಾವಿರದಂತೆ ಹನ್ನೆರಡು ತಿಂಗಳಲ್ಲಿ ತೀರಿಸಲು ಒಪ್ಪಿದಳೆನ್ನೋಣ. ಕೊಟ್ಟವನು ಪ್ರತಿ ತಿಂಗಳೂ ಪೂರಾ ಹನ್ನೆರಡು ಸಾವಿರದ ಮೇಲೆಯೇ ೨೪೦ ರೂಪಾಯಿ ಬಡ್ಡಿ ತಕ್ಕೊಂಡರೆ ವರುಷಕ್ಕೆ ೨,೮೮೦ ಆಗುವದು. ಆದರೆ ಅಸಲು ತಿಂಗಳು ತಿಂಗಳಿಗೆ ಇಳಿಯುತ್ತಾ ಬಂತಲ್ಲಾ! ಮೊದಲನೆಯ ತಿಂಗಳು ಅವಳ ಬಳಿ ಇದ್ದದ್ದು ಹನ್ನೆರಡು ಸಾವಿರ, ಎರಡನೆಯದರಲ್ಲಿ ಹನ್ನೊಂದು, ಕೊನೆಯದರಲ್ಲಿ ಒಂದು. ಹನ್ನೆರಡರಿಂದ ಒಂದರ ವರೆಗೆ ಕೂಡಿಸಿದರೆ ೭೮. ಎಪ್ಪತ್ತೆಂಟು ಸಾವಿರಕ್ಕೆ ನೂರಕ್ಕೆ ಎರಡರಂತೆ ೧,೫೬೦ ರೂಪಾಯಿ. ನ್ಯಾಯವಾದ ಬಡ್ಡಿ ಇದು. ಬಾಯಿಯ ಮಾತು ಒಂದೇ, ಕೈಯಿಂದ ಹೋದದ್ದರಲ್ಲಿ ೧,೩೨೦ ರೂಪಾಯಿಯ ವ್ಯತ್ಯಾಸ. ಐದನೆಯ ತರಗತಿಯ ಹುಡುಗಿಯು ಮಾಡಬಲ್ಲ ಈ ಕೂಡಿಸುವ ಲೆಕ್ಕವನ್ನು ಯಾರೂ ಮಾಡದೆ ಹೋದದರಿಂದ ಎಷ್ಟು ಮನೆಗಳ ಕರು, ಕಿವಿಯೋಲೆಗಳು ಮಾರಲ್ಪಟ್ಟಿವೆಯೋ! ವಸೂಲಿಯ ಕಿರುಕುಳವು ಮಿತಿಮೀರಿದ್ದರಿಂದ ಕರ್ನಾಟಕ ಸರಕಾರವು ೨೦೨೫ರ ಫೆಬ್ರವರಿಯಲ್ಲಿ ಅದನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ರಿಸರ್ವ್ ಬ್ಯಾಂಕಿನ ೨೦೨೨ರ ನಿರ್ದೇಶಗಳ ಪ್ರಕಾರ, ಸಣ್ಣ ಸಾಲ ಕೊಡುವ ಬ್ಯಾಂಕುಗಳೂ ಕಂಪನಿಗಳೂ ಬಡ್ಡಿಯ ವಿವರವುಳ್ಳ ಸಾಲದ ಚೀಟಿಯನ್ನು ಸಾಲಗಾರಳಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಮತ್ತು ಒಂದು ಮನೆಯ ಎಲ್ಲಾ ಸಾಲಗಳ ತಿಂಗಳ ಕಂತುಗಳು ಕೂಡಿ ಆ ಮನೆಯ ತಿಂಗಳ ವರಮಾನದ ಅರ್ಧವನ್ನು ಮೀರಕೂಡದು. ಆ ಅರ್ಧವು ಎಷ್ಟೆಂದು ಹೇಳುವದಕ್ಕೆ ಎಡಗಡೆಯ ಪುಟವು ಬರೆಯಲ್ಪಟ್ಟಿರಬೇಕು.

ಈ ಪಾಠವನ್ನು ಕೂಟದಲ್ಲಿ ಓದುವವರು ಓದಿದ ಬಳಿಕ ಮಕ್ಕಳನ್ನೇ ಮುಂದೆ ಕರೆದು ಕೆಳಗಿನವುಗಳನ್ನು ಕೇಳಲಿ, ದೊಡ್ಡವರು ಸುಮ್ಮನಿರಲಿ. ಐವತ್ತು ಗ್ರಾಮಿನ ಬಿಸ್ಕತ್ತಿಗೆ ಐದು ರೂಪಾಯಿಯಾದರೆ ಕಿಲೋವಿಗೆ ಎಷ್ಟು, ಅದೇ ಹಣಕ್ಕೆ ನಿಮ್ಮ ಊರಿನಲ್ಲಿ ಕಡಲೆಕಾಯಿ ಎಷ್ಟು ಬರುವದು? ಎಂಟನೆಯ ತರಗತಿಯ ಹುಡುಗನೊಬ್ಬನು ವರುಷದಲ್ಲಿ ೪೦ ದಿನ ಶಾಲೆ ತಪ್ಪಿಸಿದರೆ ಎಷ್ಟು ಧಾನ್ಯವನ್ನೂ ಎಷ್ಟು ಬೇಳೆಯನ್ನೂ ಬಿಟ್ಟುಕೊಟ್ಟ ಹಾಗಾಯಿತು? ೬,೦೦೦ ರೂಪಾಯಿ ಸಾಲ, ನೂರಕ್ಕೆ ಎರಡರ ಬಡ್ಡಿ, ಅಸಲು ತಿಂಗಳಿಗೆ ಸಾವಿರದಂತೆ ಆರು ತಿಂಗಳು; ಇಳಿಯುವ ಅಸಲಿನ ಮೇಲೆ ಬಡ್ಡಿ ಎಷ್ಟು, ಇಳಿಯದ ಅಸಲಿನ ಮೇಲೆ ಎಷ್ಟು?